ಪರದೇಶದ ಸೇನಾ ನೆಲೆಯಲ್ಲಿ ಗಾಯಗೊಂಡ ಕೆಲಸಗಾರನ ಹಕ್ಕು

ನಮ್ಮ ದೊಡ್ಡಮ್ಮನ ಮಗ ಅಫ್ಘಾನಿಸ್ತಾನದ ಅಮೆರಿಕನ್ ಸೇನಾ ನೆಲೆಯೊಂದರ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದರು. ಗೋಡೆಯಾಚೆ ಬಿದ್ದ ರಾಕೆಟ್ಟಿನ ಸದ್ದಿಗೆ ಅವರ ಎಡಗಿವಿ ಕೇಳಿಸದಾಯಿತು. ಊರಿಗೆ ಕಳುಹಿಸುವಾಗ ಉಪಗುತ್ತಿಗೆ ಕಂಪನಿಯವರು ಬಾಕಿ ಸಂಬಳವನ್ನು ಕೊಟ್ಟು, ‘ನೀವು ಅಮೆರಿಕದ ಪ್ರಜೆಯಲ್ಲ, ಆದ್ದರಿಂದ ಪರಿಹಾರ ಸಿಗುವುದಿಲ್ಲ’ ಎಂದಿದ್ದರು. ಅಣ್ಣ ಅದನ್ನು ನಂಬಿದರು, ನಾವೂ ನಂಬಿದೆವು.

ಆ ಮಾತು ಸುಳ್ಳು. ಅಮೆರಿಕ 1941ರಲ್ಲಿ ಜಾರಿಗೆ ತಂದ ಡಿಫೆನ್ಸ್ ಬೇಸ್ ಆಕ್ಟ್, ಹೊರದೇಶದ ತನ್ನ ಸೇನಾ ನೆಲೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ನಾಗರಿಕ ಕೆಲಸಗಾರರಿಗೆ ವಿಮೆ ಮಾಡಿಸುವುದನ್ನು ಕಡ್ಡಾಯಗೊಳಿಸಿದೆ. ಕೆಲಸಗಾರ ಯಾವ ದೇಶದವನು, ಅವನು ಮುಖ್ಯ ಗುತ್ತಿಗೆದಾರನ ಕೈಕೆಳಗಿದ್ದನೋ ಉಪಗುತ್ತಿಗೆದಾರನ ಕೈಕೆಳಗಿದ್ದನೋ ಎಂಬುದು ಅಲ್ಲಿ ಅಡ್ಡಿಯಾಗುವುದಿಲ್ಲ. ಕೆಲಸದ ಹೊತ್ತು ಮುಗಿದ ಮೇಲಿನ ಅಪಾಯವೂ ಅದರೊಳಗೆ ಬರಬಹುದು. ಗುವಾಮ್ ದ್ವೀಪದಲ್ಲಿ, ಮುಳುಗುತ್ತಿದ್ದವರನ್ನು ಉಳಿಸಲು ನೀರಿಗಿಳಿದು ಸತ್ತ ನೌಕರನೊಬ್ಬನ ಪ್ರಕರಣದಲ್ಲಿ, ನೌಕರಿಯೇ ಅವನನ್ನು ‘ವಿಶೇಷ ಅಪಾಯದ ವಲಯ’ದಲ್ಲಿ ಇರಿಸಿತ್ತು ಎಂಬ ತರ್ಕವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1951ರಲ್ಲೇ ಒಪ್ಪಿತು. ಯುದ್ಧದಿಂದಾದ ಗಾಯವಾದರೆ, ವಿಮಾ ಕಂಪನಿ ಕೊಟ್ಟ ಹಣವನ್ನು 1942ರ ಇನ್ನೊಂದು ಕಾನೂನಿನಂತೆ ಅಮೆರಿಕದ ಸರ್ಕಾರವೇ ತುಂಬಿಕೊಡುತ್ತದೆ. ಹೀಗಿರುವಾಗ ಅಡುಗೆಯವನೊಬ್ಬನನ್ನು ಬರಿಗೈಯಲ್ಲಿ ಕಳುಹಿಸುವುದು ನನಗೆ ಕ್ಷಮಿಸಲಾಗದ ತಪ್ಪಾಗಿ ಕಾಣುತ್ತದೆ.

ಚಿಕಿತ್ಸೆಯ ಖರ್ಚಿನ ಜೊತೆಗೆ, ದುಡಿಯಲಾಗದ ಅವಧಿಗೆ ವಾರದ ಸರಾಸರಿ ಸಂಬಳದ ಮೂರನೇ ಎರಡು ಭಾಗ ಸಿಗಬೇಕು. ಅಂಗಾಂಗಗಳ ನಷ್ಟಕ್ಕೆ ಅದೇ ದರದಲ್ಲಿ ಎಷ್ಟು ವಾರ ಕೊಡಬೇಕೆಂಬ ಪ್ರತ್ಯೇಕ ಲೆಕ್ಕವಿದೆ: ತೋಳು ಹೋದರೆ 312 ವಾರ, ಕಣ್ಣು ಹೋದರೆ 160, ಒಂದು ಕಿವಿ ಪೂರ್ತಿ ಕಿವುಡಾದರೆ 52. ತಿಂಗಳಿಗೆ 800 ಡಾಲರ್ ಪಡೆಯುತ್ತಿದ್ದವನಿಗೆ ಆ ಕಿವಿಗೆ ಸುಮಾರು 6,400 ಡಾಲರ್ ಆಗುತ್ತದೆ. ಆದರೆ ಕಾನೂನಿನಲ್ಲೂ ಅನ್ಯಾಯ ಉಳಿದಿದೆ. ಪರಿಹಾರಕ್ಕೆ ಗರಿಷ್ಠ ಮಿತಿಯನ್ನಿಟ್ಟವರು ಕನಿಷ್ಠ ಮಿತಿಯನ್ನು ಅನ್ವಯಿಸಲಿಲ್ಲ. ಅಮೆರಿಕದಲ್ಲಿ ವಾಸಿಸದ ವಿದೇಶಿಯರಿಗೆ ಮುಂದಿನ ಕಂತುಗಳನ್ನೆಲ್ಲ ಒಟ್ಟಿಗೆ ಕೊಟ್ಟು ಮುಗಿಸುವಾಗ, ಅವುಗಳ ಇಂದಿನ ಮೌಲ್ಯದ ಅರ್ಧವನ್ನಷ್ಟೇ ಕೊಡಲು ಅವಕಾಶವಿದೆ. ಅದೇ ಮೆಸ್ಸಿನಲ್ಲಿ ಅದೇ ರಾಕೆಟ್ಟಿಗೆ ಸಿಕ್ಕಿದವರ ನಡುವೆ ಈ ಭೇದವೇಕೆ?

ಗಾಯವನ್ನು 30 ದಿನಗಳೊಳಗೆ ತಿಳಿಸಬೇಕು, ಸಾಮಾನ್ಯವಾಗಿ ಒಂದು ವರ್ಷದೊಳಗೆ ಕ್ಲೇಮು ಸಲ್ಲಿಸಬೇಕು ಎಂದು ಓದಿದಾಗ ನಮ್ಮ ಆಸೆ ಬತ್ತಿತ್ತು. ಮತ್ತೆ ಓದಿದಾಗ ದಾರಿ ಕಂಡಿತು: ಕಿವುಡಿನ ವಿಷಯದಲ್ಲಿ, ದೋಷವನ್ನು ತೋರಿಸುವ ಪರೀಕ್ಷಾ ವರದಿ ಕೈಸೇರುವ ತನಕ ಗಡುವು ಶುರುವಾಗುವುದೇ ಇಲ್ಲ. ಅಣ್ಣನ ಕಿವಿಯನ್ನು ಅಲ್ಲಿ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ನೆಲೆಯ ಬ್ಯಾಡ್ಜನ್ನು ಹೊರಡುವಾಗಲೇ ಹಿಂದಕ್ಕೆ ಪಡೆದಿದ್ದರು. ಆದರೆ ಅದನ್ನು ಕೊರಳಿಗೆ ಹಾಕಿಕೊಂಡು ತೆಗೆಸಿಕೊಂಡ ಫೋಟೋ ದೊಡ್ಡಮ್ಮನ ಮೊಬೈಲಿನಲ್ಲಿತ್ತು. ಆ ಫೋಟೋ, ಮೂರು ಪೇಸ್ಲಿಪ್ಪುಗಳು ಮತ್ತು ಕಿವಿಯ ವರದಿಯನ್ನು ಸೇರಿಸಿ ಅಮೆರಿಕದ ಕಾರ್ಮಿಕ ಇಲಾಖೆಗೆ ಕಳೆದ ತಿಂಗಳು ಅರ್ಜಿ ಸಲ್ಲಿಸಿದ್ದೇವೆ.