ನಗಬೇಡಿ ಅಂತ ಗದರಿದ್ದು

ಮೂರು ವರ್ಷ ಆಯಿತು, ಈಗಲೂ ರೀಕನ್‌ಸ್ಟ್ರಕ್ಷನ್ ಯೂನಿಟ್, ಅಂದರೆ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ವರ್ಷಗಳ ಪಾಠ, ಹತ್ತಿರ ಬಂದರೆ ನನಗೆ ಕಿವಿ ಬಿಸಿಯಾಗುತ್ತದೆ.

ಇಲ್ಲಿ ಅಮೆರಿಕದಲ್ಲಿ ಹನ್ನೊಂದನೇ ಕ್ಲಾಸಿಗೆ ಯುಎಸ್ ಹಿಸ್ಟರಿ ಹೇಳಿಕೊಡುತ್ತೇನೆ. ಬಿಡುಗಡೆಯಾದ ಗುಲಾಮರ ಬದುಕಿಗೆ ಯಾವ ಪಾಠಕ್ಕೆ ಎಷ್ಟು ದಿನ ಅಂತ ಹೇಳುವ ನಮ್ಮ ಪೇಸಿಂಗ್ ಗೈಡ್ ಕೊಟ್ಟಿರುವುದು ಒಂದೇ ದಿನ. ಅದನ್ನು ಬರೆದವರು ಕ್ಲಾಸಿಗೆ ಕಾಲಿಟ್ಟು ಎಷ್ಟು ಕಾಲವಾಯಿತೋ. ಇರಲಿ, ಆ ಒಂದು ದಿನಕ್ಕೆ ಹಾಗೆ ಬಿಡುಗಡೆಯಾದ ಜೋರ್ಡನ್ ಆಂಡರ್ಸನ್ ಅನ್ನುವವರ ಪತ್ರ ಆರಿಸಿಕೊಂಡಿದ್ದೆ. ಅವತ್ತೇ ನನ್ನ ಅಬ್ಸರ್ವೇಶನ್ ಬೇರೆ, ಅಂದರೆ ನಾನು ಪಾಠ ಮಾಡುವುದನ್ನು ನೋಡಿ ರೇಟಿಂಗ್ ಕೊಡುವ ದಿನ. ಅಸಿಸ್ಟೆಂಟ್ ಪ್ರಿನ್ಸಿಪಾಲ್ ಹಿಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

ಪತ್ರದ ತಾರೀಖು 1865ರ ಆಗಸ್ಟ್ 7. ಅಂತರ್ಯುದ್ಧ ಮುಗಿದಿದೆ. ಟೆನೆಸ್ಸಿಯ ಹಳೇ ಯಜಮಾನ, ಒಬ್ಬ ಕರ್ನಲ್, ವಾಪಸ್ ಬಾ, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಕರೆದಿದ್ದಾನೆ. ಓಹಾಯೋದ ಡೇಟನ್‌ನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಜೋರ್ಡನ್ ಅದಕ್ಕೆ ಉತ್ತರ ಬರೆಸಿದ್ದಾರೆ. ಎರಡು ಸಲ ನನ್ನ ಮೇಲೆ ಗುಂಡು ಹಾರಿಸಿದ್ದಿರಿ, ಆದರೂ ನೀವಿನ್ನೂ ಬದುಕಿದ್ದೀರಿ ಅಂತ ಕೇಳಿ ಸಂತೋಷವಾಯಿತು, ಅನ್ನುತ್ತಾರೆ.

ಕಿಟಕಿ ಪಕ್ಕದ ಸಾಲು ಕಿಸಕ್ಕನೆ ನಕ್ಕಿತು. ಆಮೇಲೆ ಅರ್ಧ ಕ್ಲಾಸೇ.

"ಗುಲಾಮಗಿರಿ ನಿಮಗೆ ತಮಾಷೆನಾ?" ಅಂತ ಗದರಿದೆ. ದನಿ ಸ್ವಲ್ಪ ಜಾಸ್ತಿಯೇ ಏರಿತು. ಕ್ಲಾಸ್ ಗಪ್‌ಚಿಪ್. ಹಿಂದಿನಿಂದ ಕೀಬೋರ್ಡ್ ಟಕಟಕ ಬಿಟ್ಟರೆ ಏನೂ ಇಲ್ಲ. ಒಂದು ನಿಮಿಷ ಇರಬಹುದು, ಅರ್ಧ ಪೀರಿಯಡ್ ಹಾಗಿತ್ತು.

ಆಗ ವರ್ಷವಿಡೀ ಬಾಯಿ ಬಿಡದ ಹುಡುಗನೊಬ್ಬ ಕೈ ಎತ್ತಿದ. "ಮಿಸ್, ಅವರು ನಗಿಸೋಕೇ ಬರೆದಿದ್ದಾರೆ ಅಲ್ವಾ? ಬಿಲ್ ನೋಡಿ."

ನೋಡಿದೆ. ಜೋರ್ಡನ್ ಹಳೇ ಯಜಮಾನನಿಗೆ ಹಾಕಿದ ಬಿಲ್ ಅದು: ತನ್ನ 32 ವರ್ಷದ ದುಡಿಮೆಗೆ ತಿಂಗಳಿಗೆ 25 ಡಾಲರ್, ಹೆಂಡತಿ ಮ್ಯಾಂಡಿಯ 20 ವರ್ಷಕ್ಕೆ ವಾರಕ್ಕೆ 2 ಡಾಲರ್, ಒಟ್ಟು 11,680. ಹುಡುಗ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದ್ದ, ಒಂದು ಡಾಲರೂ ತಪ್ಪಿಲ್ಲವಂತೆ. ಮೇಲೆ ಬಡ್ಡಿ. ಅದರಲ್ಲಿ ಬಟ್ಟೆಯ ಖರ್ಚು, ನನಗೆ ಡಾಕ್ಟರ್ ಮೂರು ಸಲ ಬಂದದ್ದು, ಮ್ಯಾಂಡಿಯ ಒಂದು ಹಲ್ಲು ಕೀಳಿಸಿದ್ದು, ಇಷ್ಟು ಮುರಿದುಕೊಂಡು ಉಳಿದದ್ದು ಕಳಿಸಿ!

ಈ ಪತ್ರವನ್ನು ಹೈಲೈಟರ್ ಹಿಡಿದು ನಾಲ್ಕು ಸಲ ಓದಿದ್ದೆ. ಡಿಬಿಕ್ಯೂಗೆ, ಅಂದರೆ ಹಳೇ ದಾಖಲೆ ಓದಿ ಉತ್ತರ ಬರೆಯುವ ಪ್ರಶ್ನೆಗೆ, ಬೇಕಾದ ಎವಿಡೆನ್ಸ್ ಹುಡುಕುವುದೇ ನನ್ನ ಧ್ಯಾನ. ನಮ್ಮೂರಲ್ಲಿ ಅಜ್ಜಿ "ನೀವು ದೊಡ್ಡೋರು ಬಿಡಪ್ಪ" ಅಂದರೆ ಅದು ಹೊಗಳಿಕೆ ಅಲ್ಲ ಅಂತ ಐದು ವರ್ಷದ ಮಗುವಿಗೂ ಗೊತ್ತು. ಅಂಥದ್ದೇ ಮಾತು ಇಂಗ್ಲಿಷಿನಲ್ಲಿ ಕಣ್ಣೆದುರು ಇದ್ದರೂ ನನಗೆ ಕೇಳಿಸಿರಲಿಲ್ಲ. ಆ ಪತ್ರ ಆಗಿನ ಪೇಪರ್‌ನಲ್ಲಿ ಅಚ್ಚಾಗಿತ್ತು ಅಂತ ಬೋರ್ಡ್ ಮೇಲೆ ನಾನೇ ಬರೆದಿದ್ದೆ, ಊರೆಲ್ಲ ಓದಿ ನಕ್ಕಿರಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಮುಂದಿನ ಪೀರಿಯಡ್‌ನಲ್ಲಿ ಇನ್ನೊಂದು ಕ್ಲಾಸಿಗೆ ಅದೇ ಪತ್ರ, ಸುಮ್ಮನಿದ್ದೆ. ಬಿಲ್ ಬಂದಾಗ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಸ್ವಲ್ಪ ಕೆಳಗೆ ಜೋರ್ಡನ್ ತನ್ನ ಹೆಣ್ಣುಮಕ್ಕಳು ಮಿಲ್ಲಿ ಮತ್ತು ಜೇನ್ ಬಗ್ಗೆ ಕೇಳುತ್ತಾರೆ. ಈಗ ಬೆಳೆದಿದ್ದಾರೆ, ಅಲ್ಲಿ ಅವರಿಗೆ ರಕ್ಷಣೆ ಇದೆಯಾ? ಮಟಿಲ್ಡಾ, ಕ್ಯಾಥರೀನ್ ಗತಿ ಏನಾಯಿತು ಅಂತ ನಿಮಗೆ ಗೊತ್ತಲ್ಲ, ನನ್ನ ಮಕ್ಕಳಿಗೆ ಹಾಗಾಗುವುದಕ್ಕಿಂತ ಇಲ್ಲೇ ಹಸಿದು ಸಾಯುವುದು ಮೇಲು, ಅಂತ. ಅಲ್ಲಿ ನಗು ತಾನಾಗೇ ನಿಂತಿತು. ನಾನು ಬಾಯಿ ತೆರೆಯಲೇ ಇಲ್ಲ.

ಆದರೆ ಅದನ್ನು ನೋಡಲು ಅಸಿಸ್ಟೆಂಟ್ ಪ್ರಿನ್ಸಿಪಾಲ್ ಇರಲಿಲ್ಲ. ವಾರದ ನಂತರ ರಿಪೋರ್ಟ್ ಬಂತು. ಆಬ್ಜೆಕ್ಟಿವ್, ಅಂದರೆ ಆ ದಿನದ ಪಾಠದ ಗುರಿ, ಬೋರ್ಡ್ ಮೇಲೆ ಬರೆದಿಲ್ಲ ಅಂತ ಒಂದು ಕೊಂಕು. ಕ್ಲಾಸ್‌ರೂಮ್ ಮ್ಯಾನೇಜ್‌ಮೆಂಟ್‌ಗೆ ಮಾತ್ರ ಎಲ್ಲಕ್ಕಿಂತ ಮೇಲಿನ ರೇಟಿಂಗ್. ಕಾರಣ, ಮಕ್ಕಳ ನಗುವನ್ನು ತಕ್ಷಣ ನಿಲ್ಲಿಸಿದೆನಂತೆ.