ಮೇಜಿನ ಕಾಲು ನಾಲ್ಕೂವರೆ ಇಂಚು ಕತ್ತರಿಸಿದ್ದಾಯ್ತು

ಜೂನ್ 2

ಲ್ಯಾಪ್‌ಟಾಪ್ ಕೆಲಸಕ್ಕೆಂದು ತರಿಸಿದ ಹೊಸ ಕುರ್ಚಿ ಬಂದು ತಿಂಗಳಾಯ್ತು. ಭುಜದ ನೋವು ಹೋಗಿಲ್ಲ, ಜೊತೆಗೆ ಸಂಜೆ ಹೊತ್ತಿಗೆ ಕಾಲು ಜೋಮು ಹಿಡಿಯುತ್ತಿದೆ. ಕೊಳ್ಳುವ ಮೊದಲೇ ಮಾಡಬೇಕಿದ್ದ ಕೆಲಸವನ್ನು ಇವತ್ತು ಮಾಡಿದೆ: ಟೇಪು ಹಿಡಿದು ನನ್ನನ್ನೇ ಅಳೆದುಕೊಂಡೆ.

ನಾನು 5 ಅಡಿ 1 ಇಂಚು. ಅಡುಗೆಮನೆಯ 15 ಇಂಚಿನ ಸ್ಟೂಲಿನ ಮೇಲೆ ಕೂತರೆ ಪಾದ ಪೂರ್ತಿ ನೆಲಕ್ಕೆ ಊರುತ್ತದೆ. ಭುಜ ಸಡಿಲ ಬಿಟ್ಟು ಕೈ ಮಡಚಿದಾಗ ಮೊಣಕೈ ನೆಲದಿಂದ 24 ಇಂಚಿನಲ್ಲಿದೆ. ಮೇಜು 30 ಇಂಚು. ಆರು ಇಂಚಿನ ವ್ಯತ್ಯಾಸ! ಟೈಪ್ ಮಾಡುವಷ್ಟು ಹೊತ್ತೂ ಭುಜ ಎತ್ತಿಕೊಂಡೇ ಕೂತಿದ್ದೆ. ಅದು ತಪ್ಪಲೆಂದು ಕುರ್ಚಿ ಏರಿಸಿದರೆ ಕಾಲು ನೇತಾಡಿ, ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಜೋಮು ಹಿಡಿದದ್ದು ಅದಕ್ಕೇ. ಅಂಗಡಿಗಳಲ್ಲಿ ಸಿಗುವ ಮೇಜುಗಳೆಲ್ಲ ಹೆಚ್ಚುಕಡಿಮೆ 29–30 ಇಂಚಿನವೇ. ನನ್ನಂಥ ಗಿಡ್ಡ ಹೆಂಗಸರಿಗೆ ಅವು ಆಗಿಬರುವುದಿಲ್ಲ.

ಕುರ್ಚಿಯ ಸೀಟೂ ನನಗೆ ಉದ್ದ, 20 ಇಂಚು. ಬೆನ್ನು ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಬೇಕು. ನನಗೆ ಒಂದು ಬೆರಳೂ ತೂರುವುದಿಲ್ಲ. ಸದ್ಯಕ್ಕೆ ಬೆನ್ನಿಗೆ ಗಟ್ಟಿಯಾದ ದಿಂಬು ಕೊಟ್ಟಿದ್ದೇನೆ.

ಜೂನ್ 9

ಮರಗೆಲಸದ ಆಚಾರ್ರು ಬಂದಿದ್ದರು. ಕುರ್ಚಿ 17 ಇಂಚಿಗಿಂತ ಕೆಳಗೆ ಇಳಿಯುವುದಿಲ್ಲ, ಅದರ ಮೇಲೆ ಕೂತರೆ ಮೊಣಕೈ 26ಕ್ಕೆ ಬರುತ್ತದೆ. ಕೀಬೋರ್ಡಿನ ದಪ್ಪಕ್ಕೆ ಅರ್ಧ ಇಂಚು ಬಿಟ್ಟು ಮೇಜನ್ನು ಇಪ್ಪತ್ತೈದೂವರೆಗೆ ಇಳಿಸುವುದೆಂದು ಲೆಕ್ಕ ಹಾಕಿದ್ದೆ. ಗರಗಸ ಎತ್ತುವ ಮೊದಲು ಅವರು, "ಒಂದ್ಸಲ ಕೂತ್ಕೊಳ್ಳಿ ಅಮ್ಮಾ, ತೊಡೆ ತಾಗುತ್ತಾ ನೋಡ್ಬೇಕು" ಅಂದರು. ಅದು ನನಗೆ ಹೊಳೆದೇ ಇರಲಿಲ್ಲ. ಹಲಗೆಯ ಕೆಳಗಿನ ಡ್ರಾಯರ್ ನಾಲ್ಕು ಇಂಚು ಇತ್ತು. ಮೇಜು ಇಳಿಸಿದ್ದರೆ ಅದು ನೇರ ತೊಡೆಯ ಮೇಲೇ ಕೂರುತ್ತಿತ್ತು. ಮೊದಲು ಡ್ರಾಯರ್ ಬಿಚ್ಚಿದರು, ಆಮೇಲೆ ಕಾಲು ಕತ್ತರಿಸಿದರು. ರಸಮಟ್ಟ ಇಟ್ಟು ನೋಡಿದರೆ ಹಿಂದಿನ ಎಡಗಾಲು ಕೂದಲೆಳೆಯಷ್ಟು ಉದ್ದ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಸರಿಮಾಡಿ, ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಹಾಕಿ ಹೋದರು. ಅವರ ಆ ತಾಳ್ಮೆ ನೋಡಿ ನನಗೆ ನಿಜಕ್ಕೂ ಸಂತೋಷವಾಯ್ತು.

ನನ್ನ ಪಾದದಡಿ ಉಳಿದ ಎರಡು ಇಂಚಿಗೆ ಅಜ್ಜಿಯ ಕಾಲದ ಊಟದ ಮಣೆ ಇಟ್ಟಿದ್ದೇನೆ. ಸರಿಯಾಗಿ ಕೂತಿದೆ.

ಜೂನ್ 20

ಭುಜ ಹಗುರವಾಗಿದೆ. ಈ ವಾರ ಕುತ್ತಿಗೆಯ ಸರದಿ.

ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಏರಿಸಿ ಅದರಲ್ಲೇ ಟೈಪ್ ಮಾಡುತ್ತಿದ್ದದ್ದು ಹಳೆಯ ತಪ್ಪು. ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವಾಗ ಕುತ್ತಿಗೆ ಬಗ್ಗಬೇಕು, ಇಲ್ಲವೇ ಕೈ ಏರಬೇಕು. ಬೇರೆ ಕೀಬೋರ್ಡು, ಮೌಸು ತಂದ ಮೇಲೆ ಅದು ತೀರಿತು. ಆದರೆ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕು ಎಂಬ ನಿಯಮವನ್ನು ಹಾಗೇ ಪಾಲಿಸಿ ಇನ್ನೊಂದು ತಪ್ಪು ಮಾಡಿದೆ. ನನ್ನದು ಪ್ರೋಗ್ರೆಸಿವ್ ಕನ್ನಡಕ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು, ಹತ್ತಿರದ್ದನ್ನು ಓದುವ ಭಾಗ ಗಾಜಿನ ಕೆಳಭಾಗದಲ್ಲಿದೆ. ಅಕ್ಷರ ಕಾಣಲೆಂದು ದಿನವಿಡೀ ಗಲ್ಲ ಎತ್ತಿಕೊಂಡೇ ಕೂತಿದ್ದೇನೆ, ಗೊತ್ತೇ ಆಗಿಲ್ಲ. ಪಕ್ಕದಿಂದ ಫೋಟೋ ತೆಗೆದು ತೋರಿಸಿದವಳು ಮಗಳು. ಎರಡು ಪುಸ್ತಕ ತೆಗೆದು, ಪರದೆಯನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿದೆ. ಈಗ ತಲೆ ನೆಟ್ಟಗೆ ಇಟ್ಟುಕೊಂಡೇ ಓದಬಹುದು. ದೂರ ಒಂದು ತೋಳಿನಷ್ಟು.

ಪಶ್ಚಿಮದ ಕಿಟಕಿ ಬೆನ್ನಿಗಿತ್ತು. ನಾಲ್ಕು ಗಂಟೆಯ ಬಿಸಿಲು ಪರದೆಯಲ್ಲಿ ಹೊಳೆದು ಮುಂದೆ ಬಾಗಬೇಕಾಗುತ್ತಿತ್ತು. ಮೇಜು ತಿರುಗಿಸಿ ಕಿಟಕಿ ಎಡಕ್ಕೆ ಬರುವಂತೆ ಮಾಡಿದೆ.

ಮೌಸ್ ಇನ್ನೂ ದೂರವೇ ಇದೆ. ಕೀಬೋರ್ಡಿನ ಬಲಬದಿಯ ಅಂಕಿಗಳ ಕೀಲಿಮಣೆಯೇ ಐದು ಬೆರಳಗಲ ತಿನ್ನುತ್ತಿದೆ, ನಾನದನ್ನು ಬಳಸುವುದೇ ಇಲ್ಲ. ಅದಿಲ್ಲದ ಚಿಕ್ಕ ಕೀಬೋರ್ಡು ಮುಂದಿನ ಸಂಬಳಕ್ಕೆ. ಬಿಚ್ಚಿದ ಡ್ರಾಯರನ್ನು ಗೋಡೆಗೆ ಹಾಕಿಸಬಹುದಾ ಅಂತ ಆಚಾರ್ರನ್ನು ಕೇಳಬೇಕು.