ಪಕ್ಕದ ಫೀಲ್ಡ್ ನೋಡಿದ್ರಾ?

ನನ್ನ ಕೆಲಸ ಏನು ಅಂತ ನೆಂಟರು ಕೇಳಿದರೆ, "ಜೀವಕೋಶಗಳು ಹೇಗೆ ನಡೆಯುತ್ತವೆ ಅಂತ ನೋಡೋದು" ಅನ್ನುತ್ತೇನೆ. "ನೋಡೋದಕ್ಕೂ ಸಂಬಳ ಕೊಡ್ತಾರಾ?" ಅಂತ ನಮ್ಮತ್ತೆ ಒಮ್ಮೆ ಕೇಳಿದ್ದರು. ಕೊಡುತ್ತಾರೆ. ಆ ಸಂಬಳ ನನಗೆ ದಂಡ ಅನ್ನಿಸಿದ್ದು ಒಂದು ಪ್ರಾಜೆಕ್ಟ್ ರಿವ್ಯೂ ದಿನ.

ಸೆಲ್ ನಡೆಯುವುದು ಹೀಗೆ. ಮುಂದಿನ ಅಂಚಿನಲ್ಲಿ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳು ಬೆಳೆದು ಪೊರೆಯನ್ನು ತಳ್ಳುತ್ತವೆ. ಸೆಲ್ ಅಲ್ಲಿ ಕಾಲೂರುತ್ತದೆ. ಆಮೇಲೆ ಮಯೋಸಿನ್ ಅನ್ನೋ ಇನ್ನೊಂದು ಪ್ರೋಟೀನ್ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಗಾಯ ಮಾಯುವಾಗಲೂ ಇದೇ, ಕ್ಯಾನ್ಸರ್ ಹರಡುವಾಗಲೂ ಹೆಚ್ಚುಕಮ್ಮಿ ಇದೇ. ಅಂಗಾಂಶ ಕಟ್ಟುವ ಫೈಬ್ರೋಬ್ಲಾಸ್ಟ್ ಸೆಲ್ ಆದರೆ ಗಂಟೆಗೆ ಕೆಲವು ಹತ್ತು ಮೈಕ್ರೋಮೀಟರ್ ಹೋದರೆ ಅದೇ ದೊಡ್ಡದು. ಹಾಗಾಗಿ ನಮ್ಮದೆಲ್ಲ ರಾತ್ರಿಯಿಡೀ ಓಡುವ ಟೈಮ್‌ಲ್ಯಾಪ್ಸ್. ಲೇಸರ್ ಹಾಯಿಸಿ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನ ಸ್ಲಾಟ್‌ಗೆ ಕಿತ್ತಾಟ ಬೇರೆ.

ನಮ್ಮ ಪ್ರಶ್ನೆ ಇದ್ದದ್ದು ಆ ಹಿಂದಿನ ಎಳೆತದ ಬಗ್ಗೆ. ಮಯೋಸಿನ್ ನಿಲ್ಲಿಸೋಕೆ ಬ್ಲೆಬ್ಬಿಸ್ಟಾಟಿನ್ ಅನ್ನೋ ಡ್ರಗ್ ಇದೆ. 2003ರಲ್ಲಿ ಬಂದಾಗಿನಿಂದ ಈ ಕ್ಷೇತ್ರದಲ್ಲಿ ಅದನ್ನು ಮುಟ್ಟದವರು ಕಡಿಮೆ. ಅದನ್ನು ಹಾಕಿದರೆ ಸೆಲ್‌ನ ಮುಂಭಾಗ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಬಾಲ ಮಾತ್ರ ಬಿಡಿಸಿಕೊಳ್ಳಲಾಗದೆ ಹಲಸಿನ ಮೇಣ ಎಳೆದ ಹಾಗೆ ಉದ್ದಕ್ಕೆ ಎಳೆಯುತ್ತದೆ. ನೋಡೋಕೆ ಚೆಂದ.

ನಮ್ಮ ಮೂವಿಗಳಲ್ಲಿ ಮಾತ್ರ ಸೆಲ್‌ಗಳು ಸಾಯುತ್ತಿದ್ದವು. ಮೊದಲು ಬಾಲ ಚೆನ್ನಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಸೆಲ್ ಮುದುಡಿ ಗುಂಡಗಾಗಿ, ಮೈತುಂಬ ಗುಳ್ಳೆ ಎದ್ದು, ಬೆಳಗಾಗುವ ಹೊತ್ತಿಗೆ ತೇಲುತ್ತಿತ್ತು. ಡ್ರಗ್ ಇಲ್ಲದೆ, ಅದನ್ನು ಕರಗಿಸುವ ಡಿಎಂಎಸ್‌ಒ ದ್ರವ ಮಾತ್ರ ಹಾಕಿದ ಕಂಟ್ರೋಲ್ ಡಿಶ್, ಅದೇ ಲೇಸರ್, ಅದೇ ಸೆಟ್ಟಿಂಗ್ಸ್, ಆರಾಮಾಗಿತ್ತು. ಹಾಗಾಗಿ ಬೆಳಕಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಅನುಮಾನ ಬಂದದ್ದು ಪಾಪ ಸ್ಟೂಡೆಂಟ್ ಮೇಲೆ. ಸೆಲ್‌ಗಳಿಗೆ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಸೋಂಕಿದೆಯಾ ಅಂತ ಟೆಸ್ಟ್ ಮಾಡಿಸಿದೆ. ಸೆಲ್‌ಗಳಿಗೆ ಹಾಕುವ ಸೀರಂನ (ಎಫ್‌ಬಿಎಸ್) ಲಾಟ್ ಬದಲಾಯಿಸಿದೆ. ಕಡಿಮೆ ಸಲ ಬೆಳೆಸಿದ ಸೆಲ್‌ಗಳ ವಯಲ್ ತೆಗೆದು ಮತ್ತೆ ಶುರು ಮಾಡಿಸಿದೆ. "ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿರೋ ಪ್ಲೇಟ್‌ಗೂ ಅದೇ ಡ್ರಗ್ ಹಾಕಿದೀನಿ ಮೇಡಂ, ಅಲ್ಲಿ ಚೆನ್ನಾಗೇ ಇವೆ" ಅಂದಳು. "ಹಾಗಾದ್ರೆ ನಿನ್ನ ಸ್ಟೇಜ್ ಚೇಂಬರ್‌ನ ಸಿಒಟು ಸರಿ ಇಲ್ಲ, ಅದನ್ನ ನೋಡು" ಅಂದೆ. ಸಿಒಟು ಕಡಿಮೆಯಾದರೆ ಸೆಲ್‌ಗಳಿರುವ ದ್ರವ, ಅಂದರೆ ಮೀಡಿಯಂ, ನೇರಳೆಗೆ ತಿರುಗುತ್ತದೆ. ನಮ್ಮದು ಸ್ವಲ್ಪವೂ ತಿರುಗಿರಲಿಲ್ಲ, ಅಂದರೆ ಸಿಒಟು ಸರಿಯಾಗೇ ಇತ್ತು. ಅದು ಕಣ್ಣೆದುರೇ ಇದ್ದರೂ ನನಗೆ ಕಾಣಲಿಲ್ಲ.

ಅಷ್ಟರಲ್ಲಿ ರಿವ್ಯೂ ಬಂತು. ಕಮಿಟಿಗೆ ಎಲ್ಲವನ್ನೂ ಲೈವ್ ತೋರಿಸಬೇಕು ಅಂತ ಮೇಲಿನವರ ಹಟ. ಕೋಟಿ ಲೆಕ್ಕದ ಮೆಷಿನ್ ತಂದಿದ್ದೇವೆ, ಓಡುತ್ತಿರುವುದು ಕಾಣಬೇಕು ಅಲ್ವಾ! ಗಂಟೆಗಟ್ಟಲೆ ನಡೆಯುವ ಪ್ರಯೋಗವನ್ನು ಹತ್ತು ನಿಮಿಷದಲ್ಲಿ ಲೈವ್ ನೋಡಿದರೆ ಏನೂ ಕಾಣಲ್ಲ ಅಂತ ಹೇಳಿ ನೋಡಿದೆ. ನಡೆಯಲಿಲ್ಲ. ಕೊನೆಗೆ, ಮೂವಿ ನುಣುಪಾಗಿ ಬರಲಿ ಅಂತ ಎರಡು ಫ್ರೇಮ್‌ಗಳ ನಡುವಿನ ಇಂಟರ್ವಲ್ ಕಡಿಮೆ ಮಾಡಿಸಿ, ನನ್ನ ಪ್ರೆಸೆಂಟೇಶನ್ನಿಗೆ ಮುಂಚೆಯೇ ಸ್ಕ್ಯಾನ್ ಶುರು ಮಾಡಿಸಿದೆ. ಅಂದರೆ ಇನ್ನೂ ಜಾಸ್ತಿ ಲೇಸರ್.

ಸ್ಲೈಡ್ ಮುಗಿಸಿ ಎಲ್ಲರನ್ನೂ ಮೈಕ್ರೋಸ್ಕೋಪ್ ರೂಮಿಗೆ ಕರೆತಂದೆ. ಸ್ಕ್ರೀನ್ ಮೇಲೆ ಬಾಲಗಳು ಆಗಲೇ ಮುದುಡುತ್ತಿದ್ದವು. ಕಮಿಟಿಯ ಹಿರಿಯರೊಬ್ಬರು ಬಗ್ಗಿ ನೋಡಿ, "ಇವು ಯಾಕಮ್ಮ ಹೀಗೆ ಬುರುಗು ಬರ್ತಿವೆ?" ಅಂದರು. ಮಯೋಸಿನ್ ಇಲ್ಲದೆ ಸೆಲ್‌ಗಳು ಬದುಕುವುದು ಕಷ್ಟ, ಇದು ಹೊಸ ಸಂಗತಿ ಇರಬಹುದು ಅಂತ ಶುರು ಮಾಡಿದೆ. ಶುರು ಮಾಡಿದವಳು ನಿಲ್ಲಿಸಲೂ ಇಲ್ಲ. ಸರ್ವೈವಲ್ ಸಿಗ್ನಲಿಂಗ್ ತನಕ ಹೋದೆ. ನಿರ್ದೇಶಕರು ತಲೆಯಾಡಿಸುತ್ತಿದ್ದರು. ನನಗೂ ನಾನು ಹೇಳುತ್ತಿರುವುದು ನಿಜವೇ ಇರಬೇಕು ಅನ್ನಿಸತೊಡಗಿತ್ತು.

ಹಿಂದಿನಿಂದ ಮೈಕ್ರೋಸ್ಕೋಪ್ ಆಪರೇಟರ್ ಮೆತ್ತಗೆ, "ಮೇಡಂ, ಒಂದ್ಸಲ ಪಕ್ಕದ ಫೀಲ್ಡ್ ನೋಡಿದ್ರಾ?" ಅಂದರು. ಫೀಲ್ಡ್ ಅಂದರೆ ಲೆನ್ಸ್‌ಗೆ ಒಮ್ಮೆಗೆ ಕಾಣುವಷ್ಟು ಜಾಗ.

"ಆಮೇಲೆ ನೋಡೋಣ" ಅಂದೆ.

ಹಿರಿಯರಿಗೆ ಅದು ಕೇಳಿಸಿಬಿಟ್ಟಿತು. "ಈಗಲೇ ತೋರಿಸಿ, ತೋರಿಸಿ" ಅಂದರು.

ಆಪರೇಟರ್ ಲೇಸರ್ ನಿಲ್ಲಿಸಿದರು. ಆಯಿಲ್ ಲೆನ್ಸ್ ಸರಿಸಿ 10ಎಕ್ಸ್ ಹಾಕಿದರು. ಲ್ಯಾಂಪ್ ಮುಂದೆ ಒಂದು ಕೆಂಪು ಫಿಲ್ಟರ್ ಇಟ್ಟು ಫೋಕಸ್ ಮಾಡಿದರು. ಸ್ಕ್ರೀನ್ ಮಧ್ಯದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಂಥ ಒಂದು ಚೌಕ. ಚೌಕದೊಳಗೆ ಎಲ್ಲವೂ ಗುಂಡಗೆ, ಗುಳ್ಳೆ ಗುಳ್ಳೆ. ಚೌಕದ ಹೊರಗೆ ನಾಲ್ಕೂ ಕಡೆ ಸೆಲ್‌ಗಳು ಉದ್ದುದ್ದ ಬಾಲ ಬಿಟ್ಟುಕೊಂಡು ಹಾಯಾಗಿದ್ದವು. ಗೆರೆಯ ಮೇಲೇ ಇದ್ದ ಒಂದು ಸೆಲ್‌ನ ಒಳಗಿನ ಅರ್ಧ ಮುದುಡಿತ್ತು, ಹೊರಗಿನ ಅರ್ಧ ಇನ್ನೂ ಚಾಚಿಕೊಂಡಿತ್ತು.

ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹಿರಿಯರು ಮಾತ್ರ, "488 ಅಲ್ವೇನಮ್ಮ ನಿಮ್ಮದು?" ಅಂದರು. ಹೌದು, ನಮ್ಮ ಆಕ್ಟಿನ್ ಮೇಲೆ ಹಸಿರು ಹೊಳೆಯುವ ಪ್ರೋಟೀನ್ ಜಿಎಫ್‌ಪಿ ಇತ್ತು, ಅದನ್ನು ಬೆಳಗಿಸೋದು 488 ನ್ಯಾನೋಮೀಟರ್‌ನ ನೀಲಿ ಲೇಸರ್. ಬ್ಲೆಬ್ಬಿಸ್ಟಾಟಿನ್‌ಗೆ ನೀಲಿ ಬೆಳಕು ಆಗಿಬರುವುದಿಲ್ಲ. ಬೆಳಕು ಬಿದ್ದರೆ ಅದು ಒಡೆದು ಮಯೋಸಿನ್ ಮೇಲಿನ ಹಿಡಿತ ಬಿಡುತ್ತದೆ, ಜೊತೆಗೆ ಸೆಲ್‌ಗೆ ವಿಷವಾಗುತ್ತದೆ. 2000ದ ದಶಕದ ಮಧ್ಯದಲ್ಲೇ ಇದು ಪ್ರಕಟವಾಗಿದೆ. ಬಾಟಲಿಗೆ ಫಾಯಿಲ್ ಸುತ್ತಿ ಇಡುವುದು ಅದಕ್ಕೇ. ಫಾಯಿಲ್ ಸುತ್ತುವುದನ್ನು ಸ್ಟೂಡೆಂಟ್‌ಗೆ ಹೇಳಿಕೊಟ್ಟವಳೂ ನಾನೇ! ಬರೀ ಬೆಳಕು ಕೊಲ್ಲಲಿಲ್ಲ, ಬರೀ ಡ್ರಗ್ ಕೊಲ್ಲಲಿಲ್ಲ, ಎರಡೂ ಸೇರಿ ಕೊಂದವು. ನಮ್ಮ ಕಂಟ್ರೋಲ್‌ಗಳು ಒಂದೊಂದನ್ನೇ ಬೇರೆ ಬೇರೆ ನೋಡಿ ಪಾಸ್ ಮಾಡಿದ್ದವು. ಡ್ರಗ್ ಇರುವ ಡಿಶ್‌ನಲ್ಲೇ ಲೇಸರ್ ಬೀಳದ ಜಾಗವನ್ನು ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ನನಗೆ ಜಾಸ್ತಿ ಚುಚ್ಚಿದ್ದು ಆಮೇಲೆ ತಿಳಿದ ವಿಷಯ. ಬೆಳಗ್ಗೆ ಡಿಶ್ ತೆಗೆಯುವಾಗೆಲ್ಲ ಆಪರೇಟರ್ 10ಎಕ್ಸ್‌ನಲ್ಲಿ ಒಮ್ಮೆ ನೋಡಿಯೇ ತೆಗೆಯುತ್ತಿದ್ದರು. ಆ ಚೌಕ ಅವರಿಗೆ ಎಷ್ಟೋ ದಿನದಿಂದ ಗೊತ್ತಿತ್ತು. "ಮತ್ತೆ ಯಾಕೆ ಹೇಳ್ಲಿಲ್ಲ?" ಅಂದೆ. "ನೀವೇ ಹೇಳಿದ್ರಲ್ಲ ಮೇಡಂ, ಸೆಟ್ಟಿಂಗ್ಸ್ ಅಷ್ಟೇ ನೋಡ್ಕೊಳ್ಳಿ, ಬಯಾಲಜಿ ನಾವು ನೋಡ್ಕೋತೀವಿ ಅಂತ." ಹೇಳಿದ್ದೆ. ನೆನಪಿದೆ.

ಬೆಳಕಿಗೆ ಕೆಡದ ಪ್ಯಾರಾ-ನೈಟ್ರೋ-ಬ್ಲೆಬ್ಬಿಸ್ಟಾಟಿನ್ ಈಗ ಸಿಗುತ್ತದೆ. ಇಂಡೆಂಟ್ ಹಾಕಿದೆವು. ಪರ್ಚೇಸ್‌ನಿಂದ ಕೊಟೇಶನ್ ಸಾಲದು ಅಂತ ವಾಪಸ್ ಬಂತು. ಕಾಯುತ್ತಾ ಕೂರದೆ ಸ್ಟೂಡೆಂಟ್ ಆಕ್ಟಿನ್‌ಗೆ ಕೆಂಪು ಹೊಳೆಯುವ ಎಂಚೆರಿ ಹಾಕಿ, ನೀಲಿಯಲ್ಲದ 561 ಲೇಸರ್‌ಗೆ ಹೋದಳು. ನಡೆದ ದಾರಿ ಅಷ್ಟೇ ಬೇಕಾದ ಪ್ರಯೋಗಗಳಿಗೆ ಲೇಸರ್ರೇ ಬಿಟ್ಟು, ಅದೇ ಕೆಂಪು ಫಿಲ್ಟರ್ ಇಟ್ಟು ಲ್ಯಾಂಪ್ ಬೆಳಕಿನ ಫೇಸ್ ಕಾಂಟ್ರಾಸ್ಟ್‌ನಲ್ಲಿ ಮುಗಿಸಿದೆವು. 1950ರ ದಶಕದಲ್ಲಿ ವಿಜ್ಞಾನಿಗಳಾದ ಅಬರ್‌ಕ್ರೋಂಬಿ ಮತ್ತು ಜೋನ್ ಹೇಸ್‌ಮನ್ ಕೋಳಿ ಭ್ರೂಣದ ಹೃದಯದ ಸೆಲ್‌ಗಳನ್ನು ಫಿಲ್ಮ್ ಮಾಡಿ, ಒಂದಕ್ಕೊಂದು ತಾಗಿದರೆ ಅವು ಮುಂದೆ ಹೋಗುವುದು ನಿಲ್ಲಿಸುತ್ತವೆ ಅಂತ ತೋರಿಸಿದ್ದು ಲೇಸರ್ ಇಲ್ಲದೆಯೇ. ಇದನ್ನು ಕ್ಲಾಸಲ್ಲಿ ಪ್ರತಿವರ್ಷ ಪಾಠ ಮಾಡುತ್ತೇನೆ.

ಪೇಪರ್‌ನಲ್ಲಿ ಆಪರೇಟರ್ ಹೆಸರು ಆಥರ್ ಆಗಿ ಹಾಕಿದೆ. ಕಾಂಟ್ರ್ಯಾಕ್ಟ್ ಮೇಲಿರುವವರ ಹೆಸರು ಹಾಕುವ ಪದ್ಧತಿ ಇಲ್ಲ ಅಂತ ಆಫೀಸಿನಿಂದ ಒಂದು ಮೇಲ್ ಬಂತು. ಪದ್ಧತಿ ಎಲ್ಲಿ ಬರೆದಿದೆ ತೋರಿಸಿ ಅಂತ ಉತ್ತರ ಹಾಕಿದೆ. ಇನ್ನೂ ತೋರಿಸಿಲ್ಲ.

ಮುಂದಿನ ರಿವ್ಯೂಗೂ ಲೈವ್ ಬೇಕಂತೆ. ಈ ಸಲ ಮೀನಿನ ಹುರುಪೆ ತರೋಣ ಅಂದಿದ್ದೇನೆ. ಅದರಿಂದ ಹೊರಗೆ ಬರುವ ಕೆರಾಟೋಸೈಟ್ ಅನ್ನೋ ಚರ್ಮದ ಸೆಲ್‌ಗಳು ನಿಮಿಷಕ್ಕೆ 10 ಮೈಕ್ರೋಮೀಟರ್‌ಗೂ ಜಾಸ್ತಿ ಓಡುತ್ತವೆ. ರೂಮ್ ಟೆಂಪರೇಚರ್ ಸಾಕು, ಸಿಒಟು ಬೇಡ, ಲೇಸರ್ ಅಂತೂ ಬೇಡವೇ ಬೇಡ. ಕಮಿಟಿ ನಿಂತಲ್ಲೇ ನೋಡಬಹುದು. ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗಿದೆ. ಪರ್ಚೇಸ್‌ನವರು ಮಾತ್ರ ಮೀನು ಯಾವ ಹೆಡ್‌ನಲ್ಲಿ ಬರುತ್ತೆ, ಕನ್ಸ್ಯೂಮಬಲ್ಸಾ ಕಂಟಿಂಜೆನ್ಸಿಯಾ ಅಂತ ಕೇಳಿ ಫೈಲ್ ಇಟ್ಟುಕೊಂಡಿದ್ದಾರೆ.